ಒಳಾಂಗಣ ವಿನ್ಯಾಸದ ಲೈಸೆನ್ಸಿಗೆ ಕೋರ್ಸಿನ ಸರ್ಟಿಫಿಕೇಟು ಸಾಲದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಈಚೆಗೆ ಬಂದ ಲೇಖನವೊಂದರಲ್ಲಿ, ಕೆಲವೇ ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿದವರು ಅಮೆರಿಕದಲ್ಲಿ ಲೈಸೆನ್ಸ್ ಇರುವ ಇಂಟೀರಿಯರ್ ಡಿಸೈನರ್ ಆಗಬಹುದು ಎಂಬ ಅರ್ಥ ಬರುವ ಮಾತಿತ್ತು. ನಾನು ಟೆಕ್ಸಾಸ್ ರಾಜ್ಯದಲ್ಲಿ ನೋಂದಣಿ ಪಡೆದ ಒಳಾಂಗಣ ವಿನ್ಯಾಸಕಿ. ಸಣ್ಣ ಕ್ಲಿನಿಕ್ಕು, ಹಲ್ಲಿನ ಆಸ್ಪತ್ರೆ, ಫಿಸಿಯೋಥೆರಪಿ ಕೇಂದ್ರಗಳ ಒಳಭಾಗ ರೂಪಿಸುವುದು ನನ್ನ ಕೆಲಸ. ಲೇಖನ ಬಂದ ಮೇಲೆ ಪರಿಚಯದವರ ಮನೆಗಳಿಂದ ಫೋನು ಬರತೊಡಗಿದವು. “ಅಕ್ಕಾ, ಈ ಕೋರ್ಸಿಗೆ ದುಡ್ಡು ಕಟ್ಟಿದ್ರೆ ಅಲ್ಲಿ ಲೈಸೆನ್ಸ್ ಸಿಗುತ್ತಲ್ವಾ?” ಎಂದು ಒಬ್ಬಳು ಕೇಳಿದಳು. ಇನ್ನೊಂದು ಮನೆಯಲ್ಲಿ ಮಗನ ಹೆಸರಿನಲ್ಲಿ ತಾಯಿ ಆಗಲೇ ದುಡ್ಡು ಕಟ್ಟಿಬಿಟ್ಟಿದ್ದರು. ಒಬ್ಬೊಬ್ಬರಿಗೇ ವಿವರಿಸುವುದಕ್ಕಿಂತ ಅದೇ ಪತ್ರಿಕೆಯಲ್ಲಿ ಬರೆಯುವುದು ಮೇಲು ಅನ್ನಿಸಿ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದೇ ಆದರೆ ಅನುಭವದ ಗಂಟೆಗಳ ಬಗ್ಗೆ ಬರೆದಿರುವ ಭಾಗವನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ. ಹುಡುಗರು ಮುಗ್ಗರಿಸುವುದು ಅಲ್ಲೇ.

ಮೊದಲಿಗೆ, ಅಮೆರಿಕ ಎಂಬ ಇಡೀ ದೇಶಕ್ಕೆ ಅನ್ವಯಿಸುವ ಒಂದು ಲೈಸೆನ್ಸ್ ಈ ವೃತ್ತಿಯಲ್ಲಿ ಇಲ್ಲವೇ ಇಲ್ಲ. ಕಾನೂನು ಮಾಡುವುದು ಆಯಾ ರಾಜ್ಯ. ಲೂಯಿಸಿಯಾನ, ನೆವಾಡಾ ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಕಾನೂನು ಗುರುತಿಸಿರುವ ಒಳಾಂಗಣ ವಿನ್ಯಾಸದ ಕೆಲಸ ಮಾಡಬೇಕಾದರೇ ಸರ್ಕಾರದ ಅನುಮತಿ ಬೇಕು. ಟೆಕ್ಸಾಸ್, ನ್ಯೂಯಾರ್ಕ್‌ನಂತಹ ರಾಜ್ಯಗಳಲ್ಲಿ ಕೆಲಸ ಯಾರು ಬೇಕಾದರೂ ಮಾಡಬಹುದು. ಆದರೆ ‘ರಿಜಿಸ್ಟರ್ಡ್ ಇಂಟೀರಿಯರ್ ಡಿಸೈನರ್’ ಅಥವಾ ‘ಸರ್ಟಿಫೈಡ್ ಇಂಟೀರಿಯರ್ ಡಿಸೈನರ್’ ಎಂದು ಹೆಸರಿನ ಮುಂದೆ ಹಾಕಿಕೊಳ್ಳಲು ರಾಜ್ಯದ ನೋಂದಣಿ ಇರಲೇಬೇಕು. ಇಂಥ ಹೆಸರಿನ ರಕ್ಷಣೆಯ ಕಾನೂನನ್ನು ಮೊದಲು ತಂದದ್ದು ಅಲಬಾಮಾ, 1982ರಲ್ಲಿ. ಕ್ಯಾಲಿಫೋರ್ನಿಯಾದ ದಾರಿಯೇ ಬೇರೆ, ಅಲ್ಲಿ ಪರೀಕ್ಷೆಯೂ ಬೇರೆ. ಫ್ಲೋರಿಡಾದಲ್ಲಿ 2020ರ ಜುಲೈವರೆಗೆ ಕಡ್ಡಾಯ ಲೈಸೆನ್ಸ್ ಇತ್ತು, ಈಗ ಅದು ಇಷ್ಟವಿದ್ದವರು ಮಾಡಿಸಿಕೊಳ್ಳುವ ನೋಂದಣಿ. ಈ ಬಗ್ಗೆ ಯಾವ ಕಾನೂನೂ ಇಲ್ಲದ ರಾಜ್ಯಗಳೂ ಇವೆ. ಕೆನಡಾದಲ್ಲಿ ಇದು ಪ್ರಾಂತ್ಯಗಳ ಕೈಯಲ್ಲಿದೆ, ಒಂಟಾರಿಯೋದಲ್ಲಿ 1984ರಿಂದ ಕಾನೂನಿದೆ. ಆದ್ದರಿಂದ ‘ಅಮೆರಿಕದ ಲೈಸೆನ್ಸ್ ಕೊಡಿಸುತ್ತೇವೆ’ ಎಂಬ ಜಾಹೀರಾತು ಕಂಡರೆ ‘ಯಾವ ರಾಜ್ಯದ್ದು, ಯಾವ ಬೋರ್ಡು ಕೊಡುತ್ತದೆ?’ ಎಂದು ಮೊದಲು ಕೇಳಿ. ಖಾಸಗಿ ಸಂಸ್ಥೆ ಕೊಡುವುದು ಕಲಿತದ್ದಕ್ಕೆ ಪ್ರಮಾಣಪತ್ರ. ನೋಂದಣಿಯ ಅಧಿಕಾರ ಇರುವುದು ರಾಜ್ಯ ನೇಮಿಸಿದ ಬೋರ್ಡಿಗೆ, ಇಲ್ಲವೇ ರಾಜ್ಯದ ಕಾನೂನು ಗುರುತಿಸಿದ ಮಂಡಳಿಗೆ.

ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಮನೆಗಳಿಗೆ ಬಣ್ಣ, ಪರದೆ, ಸೋಫಾ, ದೀಪ ಆರಿಸಿಕೊಟ್ಟು ಚೆಂದ ಮಾಡಿಕೊಡುವ ಕೆಲಸಕ್ಕೆ ಹೆಚ್ಚಿನ ಕಡೆ ಯಾವ ಲೈಸೆನ್ಸೂ ಬೇಡ. ಅದರಲ್ಲೇ ಗೌರವವಾಗಿ ಬದುಕು ಕಟ್ಟಿಕೊಂಡವರನ್ನು ನಾನು ಬಲ್ಲೆ. ಅಂಥ ಕೆಲಸಕ್ಕೆ ಚಿಕ್ಕ ಕೋರ್ಸು ಒಳ್ಳೆಯ ಆರಂಭವೂ ಹೌದು. ಲೈಸೆನ್ಸಿನ ಪ್ರಶ್ನೆ ಬರುವುದು ಅಪರಿಚಿತರು ನೂರಾರು ಮಂದಿ ಬಂದುಹೋಗುವ ಜಾಗಗಳಲ್ಲಿ. ಆಸ್ಪತ್ರೆ, ಶಾಲೆ, ಹೋಟೆಲು, ಕಚೇರಿ, ಸಭಾಂಗಣ, ವೃದ್ಧರ ವಸತಿ. ಅಲ್ಲಿ ಗೋಡೆಗೆ ಏನು ಅಂಟಿಸಿದೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಮಾತು ದೊಡ್ಡದಾಯಿತು ಅನ್ನಿಸಬಹುದು. 1942ರ ನವೆಂಬರ್ 28ರ ರಾತ್ರಿ ಬಾಸ್ಟನ್ನಿನ ಕೋಕನಟ್ ಗ್ರೋವ್ ಎಂಬ ನೈಟ್ ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 492 ಮಂದಿ ಸತ್ತರು. ಒಳಗೆ ಕೃತಕ ತಾಳೆಮರಗಳು, ಚಾವಣಿಗೆ ಬಟ್ಟೆಯ ಹೊದಿಕೆ. ಮುಖ್ಯ ದ್ವಾರದಲ್ಲಿದ್ದದ್ದು ತಿರುಗುವ ಬಾಗಿಲು. ನೂಕುನುಗ್ಗಲಿನಲ್ಲಿ ಅದು ಸಿಕ್ಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಒಳಮುಖವಾಗಿ ತೆರೆಯುವಂಥವು. ಜನ ಒತ್ತಿಕೊಂಡು ನಿಂತಾಗ ಒಳಮುಖದ ಬಾಗಿಲನ್ನು ಯಾರೂ ಎಳೆದು ತೆರೆಯಲಾರರು. ತಿರುಗುವ ಬಾಗಿಲಿನ ಪಕ್ಕದಲ್ಲಿ ಹೊರಕ್ಕೆ ತೆರೆಯುವ ಸಾದಾ ಬಾಗಿಲು ಇರಲೇಬೇಕು ಎಂಬ ನಿಯಮ ಬಲಗೊಂಡದ್ದು ಆ ದುರಂತದ ಬಳಿಕ. 1980ರಲ್ಲಿ ಲಾಸ್ ವೇಗಾಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಬೆಂಕಿಗೆ 85 ಮಂದಿ ಬಲಿಯಾದರು. ಬೆಂಕಿ ಹೊತ್ತಿದ್ದು ನೆಲಮಹಡಿಯಲ್ಲಿ, ಆದರೆ ಸತ್ತವರಲ್ಲಿ ಹೆಚ್ಚಿನವರು ಮೇಲಿನ ಅಂತಸ್ತುಗಳಲ್ಲಿ ಹೊಗೆ ಕುಡಿದು ಪ್ರಾಣಬಿಟ್ಟವರು. 2003ರ ಫೆಬ್ರುವರಿಯಲ್ಲಿ ರೋಡ್ ಐಲೆಂಡ್ ರಾಜ್ಯದ ಸ್ಟೇಶನ್ ಎಂಬ ಕ್ಲಬ್ಬಿನಲ್ಲಿ, ಸದ್ದು ಹೊರಗೆ ಹೋಗದಿರಲೆಂದು ವೇದಿಕೆಯ ಸುತ್ತ ಅಂಟಿಸಿದ್ದ ಪಾಲಿಯುರೆಥೇನ್ ಫೋಮಿಗೆ ಪಟಾಕಿಯ ಕಿಡಿ ತಾಗಿತು. 100 ಮಂದಿ ಸತ್ತರು. ಅಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಬೇರೆ ಬಾಗಿಲುಗಳಿದ್ದರೂ ಬಹಳಷ್ಟು ಜನ ತಾವು ಒಳಗೆ ಬಂದ ಬಾಗಿಲಿನತ್ತಲೇ ಓಡಿದ್ದರು.

ಈ ಮೂರು ಕಡೆಯೂ ಕಟ್ಟಡ ಕುಸಿದು ಜನ ಸಾಯಲಿಲ್ಲ. ಕೊಂದದ್ದು ಒಳಗಿನ ವಸ್ತುಗಳಿಂದ ಎದ್ದ ಬೆಂಕಿ, ಹೊಗೆ. ಜೊತೆಗೆ ಹೊರಹೋಗುವ ದಾರಿ. ಎರಡೂ ಒಳಾಂಗಣ ವಿನ್ಯಾಸಕಾರರ ಕೈಕೆಳಗೆ ಬರುವಂಥವೇ. ನಮ್ಮ ಪರೀಕ್ಷೆಗಳಲ್ಲಿ ಬಣ್ಣದ ಚಕ್ರಕ್ಕಿಂತ ಬೆಂಕಿಯ ನಿಯಮಗಳಿಗೆ ತೂಕ ಹೆಚ್ಚು ಏಕೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದನ್ನೇ.

ಕೆಲಸದಲ್ಲಿ ಇದು ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಒಂದು ಕ್ಲಿನಿಕ್ಕಿನ ಪ್ಲ್ಯಾನ್ ಕೈಗೆ ಬಂದರೆ ನಾನು ಮೊದಲು ನೋಡುವುದು ಬಾಗಿಲುಗಳನ್ನು. ಬಾಗಿಲು ಪೂರ್ತಿ ತೆರೆದಾಗ ದಾಟಲು ಕನಿಷ್ಠ 32 ಇಂಚು ಸಿಗಬೇಕು. ಗಾಲಿಕುರ್ಚಿಯಲ್ಲಿ ಕೂತವರು ಬಾಗಿಲನ್ನು ತಮ್ಮತ್ತ ಎಳೆದುಕೊಳ್ಳಬೇಕಾದ ಕಡೆ, ಹಿಡಿಕೆಯ ಪಕ್ಕದಲ್ಲಿ 18 ಇಂಚು ಖಾಲಿ ಜಾಗ ಇರಬೇಕು. ಇಲ್ಲದಿದ್ದರೆ ಕುರ್ಚಿಯೇ ಬಾಗಿಲಿಗೆ ಅಡ್ಡವಾಗುತ್ತದೆ. ಶೌಚಾಲಯದೊಳಗೆ ಕುರ್ಚಿ ತಿರುಗಿಸಲು 60 ಇಂಚಿನ ವೃತ್ತ, ಹಿಡಿದು ಏಳುವ ಕಂಬಿ ನೆಲದಿಂದ 33ರಿಂದ 36 ಇಂಚಿನ ನಡುವೆ. ರಿಸೆಪ್ಷನ್ ಕೌಂಟರಿನ ಒಂದು ಭಾಗವಾದರೂ 36 ಇಂಚಿಗಿಂತ ಎತ್ತರ ಇರಕೂಡದು. ಇವೆಲ್ಲ 1990ರ ಅಂಗವಿಕಲರ ಹಕ್ಕಿನ ಕಾಯಿದೆಯಿಂದ ಬಂದ ಅಳತೆಗಳು. ಟೆಕ್ಸಾಸ್‌ನಲ್ಲಿ 50,000 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ವೆಚ್ಚದ ಕಾಮಗಾರಿಯಾದರೆ ಇವನ್ನು ಪರಿಶೀಲಿಸಲು ರಾಜ್ಯದ ಇಲಾಖೆಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು.

ಆಮೇಲೆ ಸಾಮಗ್ರಿ. ಗೋಡೆ, ಚಾವಣಿಗೆ ಹಾಕುವ ಪ್ರತಿಯೊಂದಕ್ಕೂ ಬೆಂಕಿ ಹರಡುವ ವೇಗದ ಪರೀಕ್ಷೆಯ ವರದಿ ಬೇಕು. 25 ಅಂಕದವರೆಗೆ ಎ ದರ್ಜೆ, 75ರವರೆಗೆ ಬಿ, 200ರವರೆಗೆ ಸಿ. ಹೊಗೆಯ ಅಂಕ 450 ದಾಟುವಂತಿಲ್ಲ. ಜನ ಓಡಿ ಪಾರಾಗುವ ಮೆಟ್ಟಿಲು, ಕಾರಿಡಾರುಗಳಲ್ಲಿ ದರ್ಜೆ ಇನ್ನೂ ಬಿಗಿ. ಒಮ್ಮೆ ಒಬ್ಬ ವೈದ್ಯರು ಕಾಯುವ ಕೋಣೆಗೆಂದು ಮರದ ಹಲಗೆಯಂತೆ ಕಾಣುವ ಪ್ಯಾನೆಲ್ಲುಗಳನ್ನು ತಾವೇ ಆರಿಸಿಕೊಂಡು ಬಂದಿದ್ದರು. ನೋಡಲು ನಿಜಕ್ಕೂ ಸೊಗಸಾಗಿದ್ದವು. ಮಾರಿದವರ ಬಳಿ ಪರೀಕ್ಷೆಯ ವರದಿ ಇರಲಿಲ್ಲ. ವಾರಗಟ್ಟಲೆ ಕೇಳಿದರೂ ಬರಲಿಲ್ಲ. ಹಾಕಲಾಗದು ಎಂದು ಬರೆದುಕೊಟ್ಟೆ. ಅವರಿಗೆ ಬೇಸರವಾಯಿತು, ನನ್ನ ಮೇಲೆ ಸಿಟ್ಟೂ ಬಂತು. ಆದರೂ ಆ ಕೋಣೆಯಲ್ಲಿ ಕೂರುವವರು ಮಂಡಿ ಆಪರೇಷನ್ ಆದ ಮುದುಕರು, ಎದ್ದು ನಿಲ್ಲಲೇ ಅರ್ಧ ನಿಮಿಷ ಬೇಕಾದವರು. ಅವರ ಪರವಾಗಿ ‘ಆಗದು’ ಅನ್ನಲು ನನಗೆ ಬಲ ಕೊಟ್ಟದ್ದು ನೋಂದಣಿ. ಗಿರಾಕಿಯ ಮಾತಿಗೆ ತಲೆಯಾಡಿಸಿ ನಾನು ಹಾಕಿಸಿದ್ದರೆ ಬೋರ್ಡಿನ ಮುಂದೆ ಉತ್ತರ ಕೊಡಬೇಕಾದವಳು ನಾನೇ.

ಇನ್ನು ಲೈಸೆನ್ಸಿಗೆ ಏನೇನು ಬೇಕು ಎಂಬುದು. ರಾಜ್ಯಗಳು ಬೇರೆಬೇರೆಯಾದರೂ ಹೆಚ್ಚಿನವು ಒಪ್ಪಿಕೊಂಡಿರುವ ಅಳತೆಗೋಲು ಎನ್‌ಸಿಐಡಿಕ್ಯೂ ಎಂಬ ಪರೀಕ್ಷೆ. 1974ರಲ್ಲಿ ಶುರುವಾದ ಮಂಡಳಿಯೊಂದು ಅದನ್ನು ನಡೆಸುತ್ತ ಬಂದಿದೆ, ಈಗ ಅದರ ಹೆಸರು ಸಿಐಡಿಕ್ಯೂ. ಕೆನಡಾದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಅದಕ್ಕೆ ಕೂರಲು ಓದು ಬೇಕು, ಅನುಭವ ಬೇಕು. ಪಾಸಾದ ಮೇಲೆ ರಾಜ್ಯಕ್ಕೆ ಅರ್ಜಿ.

ಓದಿನ ವಿಷಯ ಬೇಗ ಮುಗಿಸುತ್ತೇನೆ. ಪಿಯುಸಿ ನಂತರದ ಮಟ್ಟದಲ್ಲಿ ಒಳಾಂಗಣ ವಿನ್ಯಾಸಕ್ಕೇ ಸಂಬಂಧಿಸಿದ ಕನಿಷ್ಠ 60 ಸೆಮಿಸ್ಟರ್ ಕ್ರೆಡಿಟ್ (ಓದಿನ ಪ್ರಮಾಣವನ್ನು ಎಣಿಸುವ ಲೆಕ್ಕ) ಓದಿರಬೇಕು, ಮತ್ತು ಆ ಓದು ಡಿಗ್ರಿಯಲ್ಲೋ ಡಿಪ್ಲೊಮಾದಲ್ಲೋ ಮುಗಿದಿರಬೇಕು. ಸಿಐಡಿಎ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಕಾಲೇಜಾದರೆ ಹಾದಿ ಸುಗಮ, ಕೆಲವು ರಾಜ್ಯಗಳು ಅದನ್ನೇ ಕೇಳುತ್ತವೆ. ಹೊರದೇಶದ ಅಂಕಪಟ್ಟಿ ಆದರೆ ಅಮೆರಿಕದ ಲೆಕ್ಕದಲ್ಲಿ ಅದು ಎಷ್ಟಕ್ಕೆ ಸಮ ಎಂದು ಮೌಲ್ಯಮಾಪನ ಮಾಡಿಸಬೇಕಾಗುತ್ತದೆ. ಸಿವಿಲ್ ಎಂಜಿನಿಯರಿಂಗ್ ಓದಿದವರು, ಫೈನ್ ಆರ್ಟ್ಸ್ ಓದಿದವರು ‘ನಮ್ಮದೂ ಡಿಗ್ರಿಯೇ ಅಲ್ಲವೇ’ ಎನ್ನುತ್ತಾರೆ. ಅಲ್ಲಿ ಲೆಕ್ಕಕ್ಕೆ ಬರುವುದು ಒಳಾಂಗಣ ವಿನ್ಯಾಸದ ವಿಷಯಗಳಷ್ಟೇ. ಹಾಗಾಗಿ ಅಂಕಪಟ್ಟಿಯ ಜೊತೆಗೆ ಪ್ರತಿ ವಿಷಯದ ಪಠ್ಯಕ್ರಮದ ಪ್ರತಿಯನ್ನೂ ಕಾಲೇಜಿನಲ್ಲಿ ಇರುವಾಗಲೇ ಮೊಹರು ಹಾಕಿಸಿ ಇಟ್ಟುಕೊಳ್ಳಿ. ವರ್ಷಗಳ ಮೇಲೆ ಅದನ್ನು ಹುಡುಕಿಸುವುದು ಎಷ್ಟು ಕಷ್ಟ ಎಂಬುದು ಹುಡುಕಿಸಿದವರಿಗೇ ಗೊತ್ತು. ಕೆಲವೇ ತಿಂಗಳ ಕೋರ್ಸು 60 ಕ್ರೆಡಿಟ್ಟಿನ ಹತ್ತಿರಕ್ಕೂ ಬರುವುದಿಲ್ಲ.

ಅನುಭವದ ವಿಷಯ ಹಾಗಲ್ಲ, ಅದನ್ನು ನಿಧಾನವಾಗಿ ಹೇಳಬೇಕು. ಒಳಾಂಗಣ ವಿನ್ಯಾಸದಲ್ಲಿ ಬ್ಯಾಚುಲರ್ ಡಿಗ್ರಿ ಮಾಡಿದವರಿಗೆ 3,520 ಗಂಟೆಗಳ ಕೆಲಸದ ಅನುಭವ ಬೇಕು. ಪೂರ್ಣಾವಧಿ ಕೆಲಸವಾದರೆ ಸುಮಾರು ಎರಡು ವರ್ಷ. ಇದರಲ್ಲಿ 1,760 ಗಂಟೆಗಳವರೆಗೆ ಓದುತ್ತಿರುವಾಗಲೇ ಸಂಪಾದಿಸಬಹುದು. 60 ಕ್ರೆಡಿಟ್ಟಿನ ಚಿಕ್ಕ ಓದಾದರೆ ಗಂಟೆಗಳು ಇನ್ನೂ ಹೆಚ್ಚು, 5,280. ಈ ಗಂಟೆಗಳು ಪೂರ್ತಿ ಲೆಕ್ಕಕ್ಕೆ ಬರಬೇಕಾದರೆ ಎನ್‌ಸಿಐಡಿಕ್ಯೂ ಪಾಸಾದವರ, ನೋಂದಾಯಿತ ವಿನ್ಯಾಸಕಾರರ ಅಥವಾ ಒಳಾಂಗಣ ವಿನ್ಯಾಸದ ಸೇವೆ ಕೊಡುವ ಆರ್ಕಿಟೆಕ್ಟರ ನೇರ ಮೇಲ್ವಿಚಾರಣೆಯಲ್ಲಿ ಮಾಡಿರಬೇಕು.

ಕೊನೆಯ ಷರತ್ತನ್ನು ನಮ್ಮ ಹುಡುಗರು ಓದುವುದೇ ಇಲ್ಲ. ಕಿಚನ್ ಕ್ಯಾಬಿನೆಟ್ ಮಾರುವ ಅಂಗಡಿಯಲ್ಲಿ ಡಿಸೈನರ್ ಎಂಬ ಹೆಸರಿನ ಕೆಲಸ ಸಿಗುತ್ತದೆ, ಸಂಬಳವೂ ಪರವಾಗಿಲ್ಲ. ಮೂರು ವರ್ಷ ದುಡಿದು ಅರ್ಜಿ ಹಾಕುವ ಹೊತ್ತಿಗೆ, ಅಲ್ಲಿ ಸಹಿ ಮಾಡಬಲ್ಲ ಅರ್ಹ ಮೇಲ್ವಿಚಾರಕರೇ ಇರಲಿಲ್ಲ ಎಂದು ತಿಳಿಯುತ್ತದೆ. ಮೂರು ವರ್ಷದ ಬೆವರಿಗೆ ಆಗ ಪೂರ್ತಿ ಬೆಲೆ ಸಿಗುವುದಿಲ್ಲ. ನನ್ನ ಜೊತೆ ಪರೀಕ್ಷೆಗೆ ಓದುತ್ತಿದ್ದ ಗೆಳತಿಗೆ ಹೀಗೇ ಆಯಿತು. ಕೆಲಸದಲ್ಲಿ ನನಗಿಂತ ಎಷ್ಟೋ ಚುರುಕಿದ್ದವಳು, ಸಂಬಳ ಕಡಿಮೆ ಮಾಡಿಕೊಂಡು ಇನ್ನೊಂದು ಕಚೇರಿ ಸೇರಿ ಬಹುಪಾಲು ಮೊದಲಿಂದ ಎಣಿಸಬೇಕಾಯಿತು. ಕೆಲಸಕ್ಕೆ ಸೇರುವ ಮುನ್ನ ಸಂದರ್ಶನದಲ್ಲೇ ಕೇಳಿ: ‘ನನ್ನ ಮೇಲ್ವಿಚಾರಕರು ಯಾರು? ಅವರ ನೋಂದಣಿ ಈಗ ಚಾಲ್ತಿಯಲ್ಲಿದೆಯೇ? ನನ್ನ ಗಂಟೆಗಳಿಗೆ ಅವರು ಸಹಿ ಹಾಕುತ್ತಾರೆಯೇ?’ ಕೇಳಿದರೆ ಯಾರೂ ಬೇಸರಿಸುವುದಿಲ್ಲ, ತಿಳಿದವರು ಮೆಚ್ಚುತ್ತಾರೆ. ಸೇರಿದ ಮೇಲೆ ಪ್ರತಿ ತಿಂಗಳ ಕೊನೆಗೆ ಗಂಟೆಗಳ ಪಟ್ಟಿ ಬರೆದು ಸಹಿ ಮಾಡಿಸಿಕೊಳ್ಳಿ. ಮೇಲ್ವಿಚಾರಕರು ಕೆಲಸ ಬಿಡುತ್ತಾರೆ, ಊರು ಬದಲಿಸುತ್ತಾರೆ, ಕೆಲವೊಮ್ಮೆ ಕಚೇರಿಯೇ ಮುಚ್ಚಿಹೋಗುತ್ತದೆ.

ಇಲ್ಲಿ ಇನ್ನೊಂದು ಗುಂಪಿನ ಬಗ್ಗೆ ಹೇಳದೆ ಇರಲಾರೆ. ಗಂಡನ ಕೆಲಸದ ವೀಸಾದ ಬೆನ್ನಿಗೆ ಎಚ್-4 ವೀಸಾದಲ್ಲಿ ಬಂದ ಹೆಣ್ಣುಮಕ್ಕಳಲ್ಲಿ ಒಳಾಂಗಣ ವಿನ್ಯಾಸ ಓದಿದವರು, ವಾಸ್ತುಶಿಲ್ಪ ಓದಿದವರು ಬಹಳ ಇದ್ದಾರೆ. ಬರಿಯ ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಗ್ರೀನ್ ಕಾರ್ಡಿನ ಹಾದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಕೆಲಸದ ಪರವಾನಗಿ ಕೇಳಲು ಅವಕಾಶ ಬಂದದ್ದು 2015ರಲ್ಲಿ. ಆ ಪರವಾನಗಿ ಕೈಗೆ ಬರುವವರೆಗೆ ಕೆಲಸವಿಲ್ಲ, ಕೆಲಸವಿಲ್ಲದೆ ಗಂಟೆಗಳು ಕೂಡುವುದಿಲ್ಲ, ಗಂಟೆಗಳಿಲ್ಲದೆ ಪರೀಕ್ಷೆಯ ಮುಂದಿನ ಭಾಗಗಳಿಗೆ ಕೂರುವಂತಿಲ್ಲ. ಡಿಗ್ರಿ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕಾದವರ ಮುಖ ನೋಡಿದ್ದೇನೆ. ಅವರಿಗೆ ನನ್ನ ಸಲಹೆ ಇಷ್ಟು: ಕಾಯುವ ಕಾಲದಲ್ಲಿ ಅಂಕಪಟ್ಟಿಯ ಮೌಲ್ಯಮಾಪನ ಮುಗಿಸಿಕೊಳ್ಳಿ. ಕ್ರೆಡಿಟ್ ಕಡಿಮೆ ಬಿದ್ದರೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಆ ವಿಷಯಗಳನ್ನು ಓದಿಬಿಡಿ, ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ. ಪರೀಕ್ಷೆಯ ಮೊದಲ ಭಾಗವನ್ನು ಡಿಗ್ರಿಯ ಕೊನೆಯ ವರ್ಷದಲ್ಲೇ ಬರೆಯಲು ಬಿಡುತ್ತಾರೆ, ಅದಕ್ಕೆ ಅನುಭವದ ಗಂಟೆಗಳು ಬೇಕಿಲ್ಲ. ಕೆಲಸದ ಪರವಾನಗಿ ಬಂದ ದಿನ ಕೈ ಖಾಲಿ ಇರಬಾರದು.

ಪರೀಕ್ಷೆ ನಾನು ಬರೆದಾಗ ಮೂರು ಭಾಗಗಳಲ್ಲಿತ್ತು. ಮೊದಲನೆಯದು ಮೂಲಪಾಠಗಳದ್ದು: ಕಟ್ಟಡ ಸಾಮಗ್ರಿ, ನಕ್ಷೆ ಓದುವುದು, ವಿನ್ಯಾಸದ ತತ್ವ, ಮನುಷ್ಯನ ಅಳತೆಗಳು. ಎರಡನೆಯದು ವೃತ್ತಿಯದ್ದು: ಒಪ್ಪಂದ, ಕಟ್ಟಡ ನಿಯಮ, ಕಾಮಗಾರಿಯ ಉಸ್ತುವಾರಿ, ಎಂಜಿನಿಯರುಗಳ ಜೊತೆ ಹೊಂದಾಣಿಕೆ. ಮೂರನೆಯದನ್ನು ಪ್ರಾಕ್ಟಿಕಮ್ ಎನ್ನುತ್ತಿದ್ದರು. ಒಂದು ದೊಡ್ಡ ಕಚೇರಿಯಂಥ ಜಾಗ, ಒಂದು ಸಣ್ಣ ವಾಣಿಜ್ಯ ಜಾಗ, ಒಂದು ಬಹುಕುಟುಂಬ ವಸತಿ ಕೊಟ್ಟು ನಿಯಮಾವಳಿಯ ಪುಟಗಳನ್ನು ಮುಂದಿಡುತ್ತಿದ್ದರು. ಈ ಕೋಣೆಯಲ್ಲಿ ಎಷ್ಟು ಜನರಿಗೆ ಲೆಕ್ಕ ಹಾಕಬೇಕು, ಎಷ್ಟು ದಾರಿ ಬೇಕು, ಬಾಗಿಲು ಎಲ್ಲಿಡಬೇಕು ಎಂದು ನಾವು ತೀರ್ಮಾನಿಸಬೇಕಿತ್ತು. 50 ಅಥವಾ ಅದಕ್ಕೂ ಹೆಚ್ಚು ಜನ ಸೇರುವ ಕೋಣೆಯಾದರೆ ಬಾಗಿಲು ಹೊರಹೋಗುವ ದಿಕ್ಕಿಗೆ ತೆರೆಯಬೇಕು ಎಂಬಂಥ ನಿಯಮಗಳು ನಾಲಿಗೆಯ ತುದಿಯಲ್ಲಿರಬೇಕು. ಅಂಕ ಕೊಡುತ್ತಿದ್ದದ್ದು 200ರಿಂದ 800ರ ಮಾಪನದಲ್ಲಿ, ಪಾಸಾಗಲು 500 ಬೇಕಿತ್ತು. ಒಂದು ಭಾಗದಲ್ಲಿ ಫೇಲಾದರೆ ಆ ಭಾಗವನ್ನಷ್ಟೇ ಮತ್ತೆ ಬರೆದರಾಯಿತು. ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಪರೀಕ್ಷೆ ನಡೆಯುತ್ತಿತ್ತು.

ಮೀಟರು, ಮಿಲಿಮೀಟರಿನಲ್ಲಿ ಕಲಿತು ಬಂದವರು ಅಡಿ, ಇಂಚಿಗೆ ಕೈ ಪಳಗಿಸಿಕೊಳ್ಳಬೇಕು. 60 ಇಂಚಿನ ವೃತ್ತ ಎಂದಾಗ ತಲೆಯಲ್ಲಿ ಲೆಕ್ಕ ಹಾಕುತ್ತ ಕೂರದೆ ಕಣ್ಣಿಗೇ ಕಾಣುವಂತಾಗಬೇಕು. ಇದಕ್ಕೆ ನಾನು ಕಂಡುಕೊಂಡ ದಾರಿ, ಹೋದಲ್ಲೆಲ್ಲ ಅಳೆಯುವುದು. ಅಳತೆಯ ಟೇಪು ಇವತ್ತಿಗೂ ನನ್ನ ಚೀಲದಲ್ಲಿದೆ.

ಪಾಸಾದ ಮೇಲೆ ಕೈಗೆ ಬರುವುದು ಎನ್‌ಸಿಐಡಿಕ್ಯೂ ಸರ್ಟಿಫಿಕೇಟು. ಅದೂ ಲೈಸೆನ್ಸ್ ಅಲ್ಲ. ಅದನ್ನು ಇಟ್ಟುಕೊಂಡು ರಾಜ್ಯದ ಬೋರ್ಡಿಗೆ ಅರ್ಜಿ ಹಾಕಬೇಕು. ಟೆಕ್ಸಾಸ್‌ನಲ್ಲಿ ವಾಸ್ತುಶಿಲ್ಪಿಗಳನ್ನು ನೋಂದಾಯಿಸುವ ಬೋರ್ಡೇ ನಮ್ಮನ್ನೂ ನೋಂದಾಯಿಸುತ್ತದೆ. ಅಂಕಪಟ್ಟಿ, ಅನುಭವದ ದಾಖಲೆ, ಬೆರಳಚ್ಚು ಕೊಟ್ಟು ಪೊಲೀಸ್ ಹಿನ್ನೆಲೆಯ ಪರಿಶೀಲನೆ, ಶುಲ್ಕ. ಆಮೇಲೆ ಪ್ರತಿ ವರ್ಷ ನವೀಕರಣ, ಅದಕ್ಕೆ ವರ್ಷಕ್ಕೆ 12 ಗಂಟೆಗಳ ಮುಂದುವರಿದ ಕಲಿಕೆ. ಆ ಕಲಿಕೆಯಲ್ಲಿ ಅಂಗವಿಕಲರ ಪ್ರವೇಶಕ್ಕೆ ಸಂಬಂಧಿಸಿದ್ದು ಇರಲೇಬೇಕು. ಎಎಸ್‌ಐಡಿ, ಐಐಡಿಎಯಂಥ ವೃತ್ತಿ ಸಂಘಗಳ ಸದಸ್ಯತ್ವದ ಅಕ್ಷರಗಳನ್ನು ಹೆಸರಿನ ಮುಂದೆ ಕಂಡು ಅದೇ ಲೈಸೆನ್ಸ್ ಎಂದು ತಿಳಿಯುವವರಿದ್ದಾರೆ. ಸಂಘಗಳಿಂದ ಉಪಯೋಗ ಬಹಳ ಇದೆ, ನಾನೂ ಸದಸ್ಯೆ. ಆದರೆ ನೋಂದಣಿ ಕೊಡುವ ಅಧಿಕಾರ ಅವುಗಳಿಗಿಲ್ಲ.

ಈ ವ್ಯವಸ್ಥೆಯನ್ನು ವಿರೋಧಿಸುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಕಾಲೇಜಿನ ಖರ್ಚು, ಪರೀಕ್ಷೆಯ ಖರ್ಚು, ಎರಡು ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿಮೆ ಎಂದರೆ ಬಡವರಿಗೆ, ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವ ಹೆಂಗಸರಿಗೆ ಬಾಗಿಲು ಮುಚ್ಚಿದಂತೆ ಎಂಬುದು ಅವರ ವಾದ. ಮೊದಲೇ ಒಳಗೆ ಬಂದವರು ಪೈಪೋಟಿ ತಪ್ಪಿಸಿಕೊಳ್ಳಲು ಕಾನೂನು ಬೇಡುತ್ತಾರೆ ಎಂದೂ ಹೇಳುತ್ತಾರೆ. ಅಲಬಾಮಾ ಹೆಸರಿನ ರಕ್ಷಣೆಯಿಂದ ಮುಂದೆ ಹೋಗಿ ಕೆಲಸಕ್ಕೇ ಲೈಸೆನ್ಸ್ ಕಡ್ಡಾಯ ಮಾಡಿದಾಗ, ಅಲ್ಲಿನ ಸುಪ್ರೀಂ ಕೋರ್ಟು 2007ರಲ್ಲಿ ಆ ಕಾನೂನನ್ನು ರದ್ದು ಮಾಡಿತು. ದಿಂಬಿನ ಬಣ್ಣ ಹೇಳಿಕೊಟ್ಟವರಿಗೂ ದಂಡ ಹಾಕುವಂಥ ಕಾನೂನನ್ನು ನಾನೂ ಬೆಂಬಲಿಸಲಾರೆ.

ನನಗೆ ಸರಿ ಕಾಣುವುದು ಉತ್ತರ ಕೆರೊಲಿನಾ 2021ರಲ್ಲಿ, ಇಲಿನಾಯ್ ಮತ್ತು ವಿಸ್ಕಾನ್ಸಿನ್ 2022ರಲ್ಲಿ ಹಿಡಿದ ಹಾದಿ. ಫ್ಲೋರಿಡಾ ಈಗ ಇರುವುದೂ ಹೆಚ್ಚುಕಡಿಮೆ ಅದೇ ಹಾದಿಯಲ್ಲಿ. ಅಲ್ಲಿ ಯಾರ ಕೆಲಸಕ್ಕೂ ತಡೆಯಿಲ್ಲ. ಆದರೆ ಓದು, ಅನುಭವ, ಪರೀಕ್ಷೆ ಮುಗಿಸಿ ನೋಂದಾಯಿಸಿಕೊಂಡವರು ಕಟ್ಟಡದ ಭಾರ ಹೊರುವ ಭಾಗಗಳನ್ನು ಮುಟ್ಟದ ಒಳಾಂಗಣ ನಕ್ಷೆಗಳಿಗೆ ತಮ್ಮದೇ ಸಹಿ, ಸೀಲು ಹಾಕಿ ಅನುಮತಿಗೆ ಸಲ್ಲಿಸಬಹುದು. ಸೀಲು ಇಲ್ಲದವರು ಆರ್ಕಿಟೆಕ್ಟರ ಬಳಿ ಹೋಗಬೇಕು. ಇದರಲ್ಲಿ ಹೊಸಬರಿಗೆ ಜಾಗವಿದೆ, ಕಾಯುವ ಕೋಣೆಯಲ್ಲಿ ಕೂತ ರೋಗಿಗೂ ರಕ್ಷಣೆಯಿದೆ. ಸಣ್ಣ ವಿನ್ಯಾಸ ಕಚೇರಿ ನಡೆಸುವ ಹೆಂಗಸರಿಗಂತೂ ಈ ಸೀಲು ದೊಡ್ಡ ಆಸರೆ. ತಾವೇ ಮಾಡಿದ ನಕ್ಷೆಯನ್ನು ಇನ್ನೊಬ್ಬರ ಸಹಿಗಾಗಿ ಹೊತ್ತು ತಿರುಗುವುದು ತಪ್ಪುತ್ತದೆ. ಇದಕ್ಕೆ ಒಂದೇ ಒಂದು ತಿದ್ದುಪಡಿ ಬೇಕು ಅನ್ನುತ್ತೇನೆ. ಅರ್ಹ ಮೇಲ್ವಿಚಾರಕರು ಇಲ್ಲದ ಊರಿನಲ್ಲಿರುವವರಿಗೆ ಬೇರೆ ಕಚೇರಿಯ ನೋಂದಾಯಿತರ ಮಾರ್ಗದರ್ಶನದಲ್ಲಿ ಕೂಡಿಸಿದ ಗಂಟೆಗಳೂ ಪೂರ್ತಿ ಲೆಕ್ಕಕ್ಕೆ ಸಿಗುವಂತಾಗಬೇಕು.

ಭಾರತದಿಂದ ಹೊರಡುವವರಿಗೆ ಒಂದು ಮಾತು. ಭಾರತದಲ್ಲಿ ಒಳಾಂಗಣ ವಿನ್ಯಾಸಕಾರರಿಗೆ ಕಾನೂನಿನ ಲೈಸೆನ್ಸ್ ಇಲ್ಲ. 1972ರ ವಾಸ್ತುಶಿಲ್ಪಿಗಳ ಕಾಯಿದೆ ಇರುವುದು ವಾಸ್ತುಶಿಲ್ಪಿಗಳಿಗೆ ಮಾತ್ರ, ಅದೂ ಆ ಹೆಸರಿಗಷ್ಟೇ ರಕ್ಷಣೆ ಕೊಡುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದ್ದರಿಂದ ಭಾರತದ ಯಾವುದಾದರೂ ಸಂಸ್ಥೆ ‘ಅಂತರರಾಷ್ಟ್ರೀಯ ಲೈಸೆನ್ಸ್’ ಎಂದು ಪತ್ರ ಕೊಟ್ಟರೆ ಅಮೆರಿಕದ ಬೋರ್ಡಿನ ಮುಂದೆ ಅದು ನಡೆಯುವುದಿಲ್ಲ. ಭಾರತದಲ್ಲಿ ಪಡೆದ ನಾಲ್ಕು ವರ್ಷದ ಡಿಗ್ರಿಗೆ ಬೆಲೆಯಿದೆ. ಅರ್ಹರ ಕೈಕೆಳಗೆ ಮಾಡಿದ ಕೆಲಸಕ್ಕೆ, ದಾಖಲೆ ಸರಿಯಿದ್ದರೆ, ಬೆಲೆ ಸಿಗುವ ಸಾಧ್ಯತೆಯಿದೆ. ಅಂಥ ಪತ್ರಕ್ಕೆ ಕಟ್ಟುವ ದುಡ್ಡನ್ನು ಅಂಕಪಟ್ಟಿಯ ಮೌಲ್ಯಮಾಪನಕ್ಕೆ ಕೊಟ್ಟರೆ ಎಷ್ಟೋ ವಾಸಿ.

ಕಟ್ಟಿದ ಶುಲ್ಕ ವಾಪಸು ಬರುತ್ತದೆಯೇ ಎಂದು, ಮಗನ ಹೆಸರಿನಲ್ಲಿ ಆಗಲೇ ದುಡ್ಡು ಕಟ್ಟಿಬಿಟ್ಟಿದ್ದ ಆ ತಾಯಿ ಕೇಳಿದರು. ಕೋರ್ಸಿನ ಕರಾರುಪತ್ರವನ್ನು ಓದದೆ ಹೇಳಲಾರೆ ಎಂದೆ. ಹುಡುಗನಿಗೆ ಹೇಳಿದ್ದು ಬೇರೆ: ಕೋರ್ಸಿನವರಿಗೆ ಮೂರು ಪ್ರಶ್ನೆಗಳನ್ನು ಈಮೇಲಿನಲ್ಲಿ ಕಳಿಸು. ಈ ಓದಿಗೆ ಎಷ್ಟು ಸೆಮಿಸ್ಟರ್ ಕ್ರೆಡಿಟ್, ಅಂಕಪಟ್ಟಿ ಕೊಡುವ ವಿಶ್ವವಿದ್ಯಾಲಯ ಯಾವುದು, ಯಾವ ರಾಜ್ಯದ ಬೋರ್ಡು ಇದನ್ನು ಒಪ್ಪಿದೆ. ಇನ್ನೂ ಉತ್ತರ ಬಂದಿಲ್ಲ ಎಂದು ಮೊನ್ನೆ ತಿಳಿಸಿದ.

ಉದ್ಯೋಗ ಪುಟವನ್ನು ನಂಬಿ ಮನೆಯವರು ಕೂಡಿಟ್ಟ ದುಡ್ಡು ತೆಗೆಯುತ್ತಾರೆ. ಹಾಗಾಗಿ ತಮ್ಮಲ್ಲಿ ಎರಡು ವಿನಂತಿ. ಆ ಲೇಖನದ ಮಾತಿಗೆ ಒಂದು ತಿದ್ದುಪಡಿಯನ್ನು ಅದೇ ಪುಟದಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಿ. ಮುಂದೆ ಹೊರದೇಶದ ಯಾವುದೇ ವೃತ್ತಿಯ ಬಗ್ಗೆ ಬರೆಸುವಾಗ, ಲೈಸೆನ್ಸ್ ಕೊಡುವ ಸರ್ಕಾರಿ ಬೋರ್ಡಿನ ಹೆಸರನ್ನು ಲೇಖಕರಿಂದ ಕೇಳಿ ಪಡೆದು ಲೇಖನದಲ್ಲೇ ಮುದ್ರಿಸಿ. ಓದುಗರು ಅಲ್ಲಿಗೆ ನೇರವಾಗಿ ಬರೆದು ಕೇಳಿಕೊಳ್ಳಬಹುದು. ಈಮೇಲಿಗೆ ಆ ಬೋರ್ಡುಗಳವರು ಉತ್ತರ ಕೊಡುತ್ತಾರೆ, ಮತ್ತು ಆ ಉತ್ತರವನ್ನು ಜೋಪಾನವಾಗಿ ಇಟ್ಟುಕೊಂಡರೆ ಅರ್ಜಿ ಹಾಕುವಾಗ ಕೆಲಸಕ್ಕೆ ಬರುತ್ತದೆ.

ಇತಿ,
ನೋಂದಾಯಿತ ಒಳಾಂಗಣ ವಿನ್ಯಾಸಕಿ
ಟೆಕ್ಸಾಸ್, ಅಮೆರಿಕ